ಹಗುರ ದೋಣಿಯ ಹುಚ್ಚು ಮತ್ತು ನನ್ನ ಒಂದೂವರೆ ಲಕ್ಷ

ಮೊನ್ನೆ ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ಗೆಳೆಯನ ಮೆಸೇಜ್ ಬಂತು. ಗೋವಾದಲ್ಲಿ ಸೆಕೆಂಡ್ ಹ್ಯಾಂಡ್ ಗಾಳಿದೋಣಿ ಒಂದು ಮಾರಾಟಕ್ಕಿದೆಯಂತೆ. 14 ಅಡಿ ಉದ್ದ, ಅಲ್ಯೂಮಿನಿಯಂ ತಳ, 25 ಹಾರ್ಸ್‌ಪವರ್ ಇಂಜಿನ್ ಸಮೇತ. ನಾಲ್ಕು ಜನ ಸೇರಿ ತಲಾ ಒಂದೂವರೆ ಲಕ್ಷ ಹಾಕಿದರೆ ನಮ್ಮದೇ ದೋಣಿ, ನಮ್ಮದೇ ನೇತ್ರಾಣಿ! ಕೆಳಗೆ ಇನ್ನೊಂದು ಸಾಲು: "ತೂಕ ಬರೀ ತೊಂಬತ್ತು ಕಿಲೋ ಮಗಾ. ಮಡಚಿ ಡಿಕ್ಕಿಗೆ ಹಾಕಬಹುದು."

ನಾನು "ನೋಡೋಣ" ಅಂತ ಬರೆದು ಮಲಗಿದೆ. ನಮ್ಮ ಕಡೆ 'ನೋಡೋಣ' ಅಂದರೆ 'ಇಲ್ಲ' ಅಂತ. ಅದು ಅವನಿಗೂ ಗೊತ್ತು. ಬೆಳಿಗ್ಗೆ ಎದ್ದರೆ ಹದಿನೇಳು ಮೆಸೇಜು, ಎಲ್ಲದರ ಸಾರಾಂಶ ಒಂದೇ: ಯಾಕೆ? ಯಾಕೆ ಅನ್ನೋದು ಮೊಬೈಲಿನಲ್ಲಿ ಒತ್ತಿ ಮುಗಿಸುವಷ್ಟು ಚಿಕ್ಕದಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ. ಅವನು ಹೇಗೂ ಓದ್ತಾನೆ, ನೀವೂ ಓದಿ. ಕರಾವಳಿಯಲ್ಲಿ ಈ ಹುಚ್ಚು ಹಿಡಿದವರು ನಾವು ನಾಲ್ಕೇ ಜನ ಅಲ್ಲ ಅಂತ ನನಗೆ ಗೊತ್ತು.

ಘಟ್ಟದ ಮೇಲಿನವರಿಗೆ ಒಂದು ಮಾತು. ನೇತ್ರಾಣಿ ಅಂದರೆ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಅರಬ್ಬಿ ಸಮುದ್ರದೊಳಗೆ, ಪಶ್ಚಿಮಕ್ಕೆ ಸ್ವಲ್ಪ ನೈಋತ್ಯಕ್ಕೆ ವಾಲಿಕೊಂಡು ನಿಂತಿರುವ ಬಂಡೆಯ ದ್ವೀಪ. ಸುತ್ತ ಹವಳ, ಬಣ್ಣಬಣ್ಣದ ಮೀನು, ಅದೃಷ್ಟ ಇದ್ದರೆ ತಿಮಿಂಗಿಲ ಶಾರ್ಕ್. 2022ರಲ್ಲಿ ಬಂದ 'ಗಂಧದ ಗುಡಿ'ಯಲ್ಲಿ ಅಪ್ಪು ನೀರಿಗಿಳಿದದ್ದು ಇಲ್ಲೇ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಮೇ ತನಕ ಸೀಸನ್. ಡೈವಿಂಗ್ ಸಂಸ್ಥೆಗಳವರು ದೊಡ್ಡ ದೋಣಿಯಲ್ಲಿ ಕರೆದುಕೊಂಡು ಹೋಗ್ತಾರೆ. ನಾವು ಕಲಿತದ್ದೂ ಅವರಿಂದಲೇ. ಕಲಿತ ಮೇಲೆ ಒಂದು ರೋಗ ಶುರುವಾಗುತ್ತದೆ ನೋಡಿ... ದೋಣಿ ತುಂಬ ಜನ, ಅದರಲ್ಲಿ ಅರ್ಧ ಜನ ವಾಂತಿ ಮಾಡ್ತಾ ಇರ್ತಾರೆ, ನಿಮಗೆ ಬೇಕಾದ ಕಡೆ ದೋಣಿ ನಿಲ್ಲಲ್ಲ, ಇನ್ನೂ ಅರ್ಧ ಟ್ಯಾಂಕು ಗಾಳಿ ಇದ್ದರೂ ಮೇಲೆ ಬನ್ನಿ ಅಂತಾರೆ. ಆಗ ಅನ್ನಿಸುತ್ತದೆ, ನಮ್ಮದೇ ಒಂದು ಚಿಕ್ಕ ದೋಣಿ ಇದ್ದಿದ್ದರೆ!

ನಮಗೂ ಅನ್ನಿಸಿತ್ತು. ಕೊಂಡರೆ ದುಡ್ಡು ಬೇಕು, ನಾವೇ ಕಟ್ಟಿದರೆ? ಎರಡು ವರ್ಷದ ಹಿಂದಿನ ದೀಪಾವಳಿ ರಜೆಯಲ್ಲಿ ಹೊನ್ನಾವರದ ಹತ್ತಿರ ಇರುವ ನಮ್ಮೂರ ಮನೆಯ ಕೊಟ್ಟಿಗೆ ಖಾಲಿ ಮಾಡಿಸಿ ಕೆಲಸ ಶುರು ಮಾಡಿಯೇಬಿಟ್ಟೆವು.

ಪ್ಲೈವುಡ್ ದೋಣಿಯನ್ನು 'ಹೊಲಿದು ಅಂಟಿಸುವ' ವಿಧಾನ ಅಂತ ಒಂದಿದೆ. ದೋಣಿಯ ಬದಿ, ತಳ ಎಲ್ಲವನ್ನೂ ನಕ್ಷೆ ಪ್ರಕಾರ ಕತ್ತರಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ತಾಮ್ರದ ತಂತಿಯಲ್ಲಿ ಬಟ್ಟೆ ಹೊಲಿದ ಹಾಗೆ ಹೊಲಿಯುವುದು. ಆಮೇಲೆ ಸಂದುಗಳಿಗೆ ಎಪಾಕ್ಸಿ ತುಂಬಿ, ಮೇಲೆ ಗಾಜಿನ ನಾರಿನ ಪಟ್ಟಿ ಅಂಟಿಸಿ, ಗಟ್ಟಿಯಾದ ಮೇಲೆ ತಂತಿ ಕಿತ್ತು ಹಾಕುವುದು. ಬಡಗಿ ಕೆಲಸ ಬರಬೇಕಂತಿಲ್ಲ. ಇಂಗ್ಲೆಂಡಿನಲ್ಲಿ 1963ರಲ್ಲಿ 'ಡೈಲಿ ಮಿರರ್' ಪತ್ರಿಕೆಯವರು ಈ ವಿಧಾನದ ಒಂದು ಪುಟ್ಟ ಹಾಯಿದೋಣಿಯನ್ನು ಜನಸಾಮಾನ್ಯರಿಗೆ ಅಂತ ಪ್ರಚಾರಕ್ಕೆ ತಂದರು. ಸುಮಾರು 11 ಅಡಿ ಉದ್ದ, ಬರೀ ದೋಣಿಯ ತೂಕ 45 ಕಿಲೋ ಚಿಲ್ಲರೆ. ಈವರೆಗೆ 70,000ಕ್ಕೂ ಹೆಚ್ಚು ಕಟ್ಟಿದ್ದಾರೆ, ಬಹಳಷ್ಟು ಮನೆಯ ಗ್ಯಾರೇಜಿನಲ್ಲೇ. ಅವರಿಗೆ ಸಾಧ್ಯವಾದದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಜಾವಾ ಬರೆಯುವ ನಮಗೆ ಸಾಧ್ಯವಿಲ್ಲವೇ?

ಐಎಸ್ 710 ಮುದ್ರೆ ಇರುವ ಮೆರೈನ್ ಪ್ಲೈವುಡ್ ಆರು ಹಾಳೆ ತಂದೆವು. (ಅಂಗಡಿಯವನು ಐಎಸ್ 303 ತೋರಿಸಿ "ಇದೂ ವಾಟರ್‌ಪ್ರೂಫೇ ಸಾರ್" ಅಂದ. ಕಿಚನ್ ಕಪಾಟಿಗೆ ಆಗಬಹುದು, ಉಪ್ಪುನೀರಲ್ಲಿ ತೇಲುವುದಕ್ಕಲ್ಲ. ಯಾರಾದರೂ ಕಟ್ಟುವವರಿದ್ದರೆ ಇದೊಂದು ನೆನಪಿಡಿ.) 6 ಮಿಲಿಮೀಟರ್ ದಪ್ಪದ ಒಂದು ಹಾಳೆ 12 ಕಿಲೋ ಆಸುಪಾಸು. ಕತ್ತರಿಸಿದ್ದು, ಹೊಲಿದದ್ದು ಎಲ್ಲ ಎರಡೇ ದಿನದಲ್ಲಿ ಆಯಿತು. ಆಮೇಲೆ ಶುರುವಾಯ್ತು ಎಪಾಕ್ಸಿ ಪುರಾಣ.

ಎಪಾಕ್ಸಿಯ ಡಬ್ಬದ ಮೇಲೆ 'ಕಲಸಿದ ಮೇಲೆ 30 ನಿಮಿಷದಲ್ಲಿ ಬಳಸಿ' ಅಂತ ಇತ್ತು. ಆ ಮೂವತ್ತು ನಿಮಿಷ ಯಾವುದೋ ತಂಪು ದೇಶದ್ದು. ನಮ್ಮ ಕೊಟ್ಟಿಗೆಯ ಸೆಕೆಯಲ್ಲಿ ಮೊದಲ ಮಗ್ಗಿನ ಎಪಾಕ್ಸಿ ಹತ್ತು ನಿಮಿಷಕ್ಕೆ ಬಿಸಿಯಾಗಿ, ಹೊಗೆಯಾಡಿ, ಮಗ್ಗನ್ನೂ ಕರಗಿಸಿ, ಬ್ರಷ್ಷಿನ ಸಮೇತ ಕಲ್ಲಾಯಿತು. ಗಟ್ಟಿಯಾಗುವಾಗ ಅದು ತಾನೇ ಶಾಖ ಬಿಡುತ್ತದೆ. ಆಳದ ಪಾತ್ರೆಯಲ್ಲಿ ಆ ಶಾಖಕ್ಕೆ ಹೊರಗೆ ಹೋಗಲು ದಾರಿ ಇಲ್ಲ, ಶಾಖಕ್ಕೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇನ್ನೂ ಬಿಸಿ... ಥರ್ಮೋಡೈನಮಿಕ್ಸ್‌ನಲ್ಲಿ ಎಪ್ಪತ್ತೆರಡು ಅಂಕ ತೆಗೆದವನಿಗೆ ಇದು ಹೊಳೆದದ್ದು ಮೂರನೇ ಮಗ್ಗು ಸುಟ್ಟ ಮೇಲೆ! ಆಮೇಲೆ ಅಮ್ಮನ ಹಪ್ಪಳ ಒಣಗಿಸುವ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿಕೊಂಡು, ಬೆಳಿಗ್ಗೆ ಆರರಿಂದ ಎಂಟರೊಳಗೆ ಕೆಲಸ ಮುಗಿಸುತ್ತಿದ್ದೆವು. ತೇವದ ಗಾಳಿಗೆ ಮೇಲೆ ಮೇಣದ ಹಾಗೆ ಜಿಡ್ಡು ಕೂರುತ್ತದೆ, ಅದನ್ನು ನೀರು ಹಾಕಿ ತಿಕ್ಕಿ ತೊಳೆಯದೆ ಮುಂದಿನ ಪದರ ಹಚ್ಚಿದರೆ ಹಿಡಿಯೋದಿಲ್ಲ. ಇದನ್ನೂ ಕಷ್ಟಪಟ್ಟೇ ಕಲಿತದ್ದು. ಆ ಹಪ್ಪಳದ ತಟ್ಟೆ ಇವತ್ತಿಗೂ ಕೊಟ್ಟಿಗೆಯ ಗೋಡೆಯಲ್ಲಿ ಪದಕದಂತೆ ನೇತಾಡುತ್ತಿದೆ :-)

ಪಕ್ಕದ ಮನೆಯವರದ್ದು ನಾಡದೋಣಿ, ನಲವತ್ತು ವರ್ಷ ಸಮುದ್ರ ಕಂಡವರು. ದಿನಾ ಸಂಜೆ ಬಂದು ಬೀಡಿ ಸೇದುತ್ತಾ ನೋಡಿ ಹೋಗುತ್ತಿದ್ದರು. ಎಲ್ಲ ಮುಗಿದ ದಿನ ಒಂದೇ ಮಾತು ಕೇಳಿದರು: "ಇದು ದೋಣಿಯೋ, ದನಕ್ಕೆ ಅಕ್ಕಚ್ಚು ಹಾಕೋ ಮರಿಗೆಯೋ?"

ನಾವು ನಕ್ಕೆವು. ಯಾಕೆಂದರೆ ನಮ್ಮ ತಲೆಯಲ್ಲಿ ಇದ್ದದ್ದು ಒಂದೇ ಸಂಖ್ಯೆ. ತೂಕ! ನಕ್ಷೆ ಪ್ರಕಾರ 90 ಕಿಲೋ ಆಗಬೇಕಿದ್ದ ದೋಣಿಯನ್ನು 82ಕ್ಕೆ ಇಳಿಸಿದ್ದೆವು. ಹೇಗೆ ಅಂತೀರಾ? ನಕ್ಷೆಯಲ್ಲಿ ಮೂತಿಯ ಹತ್ತಿರ, ಹಿಂದೆ ಇಂಜಿನಿನ ಅಕ್ಕಪಕ್ಕ, ನಡುವಿನ ಹಲಗೆಯ ಕೆಳಗೆ ಮುಚ್ಚಿದ ಗಾಳಿಪೆಟ್ಟಿಗೆಗಳಿದ್ದವು. ದೋಣಿಗೆ ನೀರು ತುಂಬಿದರೂ ಮುಳುಗದಿರಲಿ ಅಂತ. "ಎಂಟು ಕಿಲೋ ಉಳಿಯುತ್ತೆ, ಸಿಲಿಂಡರ್ ಇಡೋಕೆ ಜಾಗಾನೂ ಸಿಗುತ್ತೆ" ಅಂದ ಗೆಳೆಯ. ನಾನು ತಲೆಯಾಡಿಸಿದೆ. ಆ ತಲೆಯಾಟದ ಬಗ್ಗೆಯೇ ಈ ಇಡೀ ಬರಹ ಅಂದುಕೊಳ್ಳಿ. ಮೇಲೆ ಹೇಳಿದ ಆ ಮಿರರ್ ದೋಣಿ ಇದೆಯಲ್ಲ, ಅದರಲ್ಲೂ ಗಾಳಿಕೋಣೆಗಳನ್ನು ಕೂಡಿಸಿಯೇ ಕಟ್ಟುತ್ತಾರೆ. ನಾವು ಅದರ ತೂಕ ಓದಿದ್ದೆವು, ಉಳಿದದ್ದು ಓದಿರಲಿಲ್ಲ.

ಶರಾವತಿ ಹಿನ್ನೀರಿನಲ್ಲಿ ಮೂರು ತಿಂಗಳು ಆಡಿದೆವು. ಹಳೇ 9.9 ಹಾರ್ಸ್‌ಪವರ್ ಇಂಜಿನ್, 37 ಕಿಲೋ ತೂಕ. ಎಂಥ ಖುಷಿ ಅಂತೀರಿ! ಇಬ್ಬರು ಕೂತರೆ ಹಾರುತ್ತಿತ್ತು. ಫೆಬ್ರವರಿಯ ಒಂದು ಶನಿವಾರ ಅಳಿವೆ ದಾಟಿ ಬಸವರಾಜದುರ್ಗದ ಕಡೆ ಹೋಗೋಣ ಅಂತ ಆಯ್ತು. ನೇತ್ರಾಣಿಗೆ ಮೊದಲು ರಿಹರ್ಸಲ್. ಸಿಲಿಂಡರಿನ ಬದಲು 20 ಲೀಟರಿನ ನಾಲ್ಕು ನೀರಿನ ಕ್ಯಾನು. ನಾನು, ಗೆಳೆಯ ಮಾಸ್ಕು, ಫಿನ್ಸ್ ಹಾಕಿಕೊಂಡು ನೀರಿಗಿಳಿಯೋದು, ದೋಣಿ ನೋಡಿಕೊಳ್ಳಲು ನನ್ನ ತಮ್ಮ. ಅವನಿಗೆ ಆಗ ಹತ್ತೊಂಬತ್ತು.

ಬೆಳಿಗ್ಗೆ ಸಮುದ್ರ ಕನ್ನಡಿ. ಹನ್ನೊಂದೂವರೆಯ ಹೊತ್ತಿಗೆ ಗಾಳಿ ಎದ್ದಿತು, ಚಿಕ್ಕಚಿಕ್ಕ ಅಲೆ. ಸಾಕು ಹೋಗೋಣ ಅಂತ ಇಬ್ಬರೂ ದೋಣಿಯ ಒಂದೇ ಬದಿಗೆ ಬಂದೆವು. ಗೆಳೆಯ ಎರಡೂ ಕೈಯಲ್ಲಿ ಅಂಚು ಹಿಡಿದು ಮೇಲೆಳೆದುಕೊಂಡ, ನಾನು ಒಂದು ಕೈಯಲ್ಲಿ ಅದೇ ಅಂಚು ಹಿಡಿದು ಇನ್ನೊಂದರಲ್ಲಿ ಅವನನ್ನು ಕೆಳಗಿಂದ ತಳ್ಳಿದೆ. ಅವನಿಗೆ ಕೈ ಕೊಡಲು ತಮ್ಮನೂ ಅದೇ ಬದಿಗೆ ಬಂದ. ನೀರಿನ ಕ್ಯಾನುಗಳೂ ಅದೇ ಬದಿಗೆ ಜಾರಿ ಬಂದವು. ಅಂಚು ನೀರೊಳಗೆ ಹೋಯಿತು. ಮೂರು ಸೆಕೆಂಡ್ ಹಿಡಿದಿರಬಹುದು, ಜಾಸ್ತಿ ಅಲ್ಲ. ದೋಣಿ ತುಂಬಿತು, ಇಂಜಿನಿನ ಭಾರಕ್ಕೆ ಹಿಂಬದಿ ಕೆಳಗೆ ಹೋಯಿತು, ಮೂತಿ ಮಾತ್ರ ಒಂದು ಗೇಣು ಮೇಲೆ ಉಳಿಯಿತು. ತಮ್ಮ ಸೆಕೆ ಅಂತ ಲೈಫ್ ಜಾಕೆಟ್ ಬಿಚ್ಚಿ ಕೂರಲು ದಿಂಬು ಮಾಡಿಕೊಂಡಿದ್ದ. ಅದು ಗಾಳಿಗೆ ತೇಲುತ್ತಾ ಹೋಗುವುದನ್ನು ಮೂವರೂ ನೋಡುತ್ತಿದ್ದೆವು. ನಾನು ಹಿಂದೆ ಈಜಿದೆ, ಸಿಗಲಿಲ್ಲ. ವಾಪಸ್ ಬರುವಾಗ ತಮ್ಮ ಅಳುತ್ತಿರಲಿಲ್ಲ, ಏನೂ ಹೇಳುತ್ತಿರಲಿಲ್ಲ. ಮೂತಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ದಡದ ಕಡೆ ನೋಡುತ್ತಿದ್ದ. ಇಳಿತದ ಹೊತ್ತು, ಹೊಳೆಯ ನೀರು ನಮ್ಮನ್ನು ಹೊರಗೆ ತಳ್ಳುತ್ತಿತ್ತು. ತೆಂಗಿನಮರಗಳು ಕಾಣುತ್ತಿದ್ದವು, ಒಂದೊಂದೇ ಮರ ಎಣಿಸುವಷ್ಟು ಹತ್ತಿರ. ಒಂದು ಗಂಟೆ ಹತ್ತು ನಿಮಿಷ.

ಮೀನು ಹಿಡಿದು ವಾಪಸಾಗುತ್ತಿದ್ದ ನಾಡದೋಣಿಯವರು ನೋಡಿದರು. ಮೇಲೆಳೆದುಕೊಂಡರು, ಕುಡಿಯಲು ನೀರು ಕೊಟ್ಟರು, ನಮ್ಮ ಮರಿಗೆಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಯಾರೂ ಬೈಯಲಿಲ್ಲ. ಅವರಲ್ಲೊಬ್ಬರು ನಮ್ಮ ದೋಣಿಯೊಳಗೆ ಬಗ್ಗಿ ನೋಡಿ, "ಗಾಳಿಪೆಟ್ಟಿಗೆ ಎಲ್ಲಿ?" ಅಂತ ಮಾತ್ರ ಕೇಳಿದರು.

ಅಮ್ಮನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಅವಳು ಇಲ್ಲಿಗೆ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದಿದ್ದೇನೆ. ಊರಿನ ಬಂಧುಗಳು ಯಾರಾದರೂ ಓದಿದರೆ ದಯವಿಟ್ಟು ಬಾಯಿ ಬಿಡಬೇಡಿ.

ಬೆಂಗಳೂರಿಗೆ ಬಂದ ಮೇಲೆ ಒಂದು ವಾರ ಆಫೀಸಿನಲ್ಲಿ ಕೂತು ಮಾಡಿದ ಕೆಲಸ ಒಂದೇ, ಲೆಕ್ಕ. ಮೊದಲೇ ಮಾಡಬೇಕಾಗಿದ್ದದ್ದು. ಮೂವರು ಡೈವರ್, ಒಬ್ಬ ದೋಣಿಯಲ್ಲಿ. ನಾಲ್ಕು ಜನ ಅಂದರೆ 300 ಕಿಲೋ. ಮೂವರಿಗೆ ಎರಡೆರಡು ಡೈವ್ ಅಂದರೆ ಆರು ಸಿಲಿಂಡರ್. ನಮ್ಮಲ್ಲಿ ಬಳಸುವ ಅಲ್ಯೂಮಿನಿಯಂ ಸಿಲಿಂಡರ್ ಗಾಳಿ ತುಂಬಿದ ಮೇಲೆ 17 ಕಿಲೋ (ಅದರೊಳಗಿನ ಗಾಳಿಯೇ ಎರಡೂವರೆ ಕಿಲೋಗೂ ಜಾಸ್ತಿ, ಗಾಳಿಗೆ ತೂಕವಿಲ್ಲ ಅಂದವರು ಯಾರು!). ಆರಕ್ಕೆ 102. ಜಾಕೆಟ್, ರೆಗ್ಯುಲೇಟರ್, ಸೂಟು, ಸೀಸದ ಬೆಲ್ಟು ತಲಾ 15, ಒಟ್ಟು 45. 25 ಹಾರ್ಸ್‌ಪವರ್ ಇಂಜಿನ್ 50. ಪೆಟ್ರೋಲ್ 40 ಲೀಟರ್, ಟ್ಯಾಂಕ್ ಸೇರಿ 35. ಲಂಗರು, ಹಗ್ಗ, ಕುಡಿಯುವ ನೀರು, ಊಟ, ಆಕ್ಸಿಜನ್ ಕಿಟ್ಟು 25. ಕೂಡಿಸಿ ನೋಡಿ, 557 ಕಿಲೋ. ಇದರ ಜೊತೆಗೆ 90 ಕಿಲೋದ ದೋಣಿ ಸೇರಿದರೆ 647.

ಈಗ ಗೆಳೆಯನ ಹಗುರದ ಮಂತ್ರ ಮರೆತು, 180 ಕಿಲೋ ತೂಗುವ ಗಟ್ಟಿಮುಟ್ಟಾದ ಫೈಬರ್ ದೋಣಿ ತನ್ನಿ. ಒಟ್ಟು 737. ದೋಣಿಯ ತೂಕ ಎರಡು ಪಟ್ಟಾದರೂ ಸಮುದ್ರಕ್ಕೆ ಗೊತ್ತಾಗುವ ತೂಕ ಶೇಕಡಾ 14 ಮಾತ್ರ ಹೆಚ್ಚು! ನಾವು ಗಾಳಿಪೆಟ್ಟಿಗೆ ಬಿಟ್ಟು ಉಳಿಸಿದ ಎಂಟು ಕಿಲೋ ಶೇಕಡಾ ಒಂದು ಚಿಲ್ಲರೆ. ತಮ್ಮನ ಬೆಲೆ ಅಷ್ಟು.

ಹಗುರ ಅನ್ನೋದು ದಡದಲ್ಲಿ ಬೇಕಾಗುವ ಗುಣ. ಹೊತ್ತುಕೊಂಡು ಹೋಗಲು, ಮರಳ ಮೇಲೆ ಎಳೆಯಲು, ಡಿಕ್ಕಿಗೆ ತುಂಬಲು. 1980ರ ದಶಕದಲ್ಲಿ ಕನ್ಯಾಕುಮಾರಿ ಜಿಲ್ಲೆಯಲ್ಲಿ, ಕೇರಳದಲ್ಲಿ ಇದೇ ಹೊಲಿದು ಅಂಟಿಸುವ ಪ್ಲೈವುಡ್ ದೋಣಿಗಳು ಬಂದವು. ದೊಡ್ಡ ಮರ ಸಿಗುವುದು ಕಷ್ಟವಾಗಿತ್ತು, ಬಂದರಿಲ್ಲದ ತೀರದಲ್ಲಿ ದಿನಾ ಅಲೆ ಸೀಳಿ ಹೋಗಿ ಬಂದು ದೋಣಿಯನ್ನು ಮರಳ ಮೇಲೆ ಎಳೆಯಬೇಕಿತ್ತು. ಅಲ್ಲಿ ಹಗುರಕ್ಕೆ ಅರ್ಥ ಇತ್ತು. ಆ ಕೆಲಸದಲ್ಲಿದ್ದ ಪಿಯರ್ ಜಿಲ್ಲೆ ಅನ್ನುವವರು 1985ರಲ್ಲಿ ಬರೆದ ಪುಸ್ತಕದ ಹೆಸರೇ 'ಸ್ಮಾಲ್ ಈಸ್ ಡಿಫಿಕಲ್ಟ್'. ಚಿಕ್ಕದು ಕಷ್ಟ! ನಮ್ಮ ರಂಪಣಿ ದೋಣಿಗಳನ್ನೂ ಹಲಗೆಗೆ ಹಲಗೆ ತೆಂಗಿನ ಹುರಿಯಲ್ಲಿ ಹೊಲಿದೇ ಕಟ್ಟುತ್ತಿದ್ದರು. ನಾವು ಇಂಗ್ಲೆಂಡಿನ ಗ್ಯಾರೇಜಿನಿಂದ ಕಲಿತೆವು ಅಂತ ಬೀಗಿದ್ದು ಪಕ್ಕದ ಮನೆಯವರ ಅಜ್ಜನ ಕಸುಬು! ಇನ್ನು ಕಟ್ಟುಮರ ನೋಡಿ, ಅದಕ್ಕೆ ನೀರು ತುಂಬುವುದೇ ಇಲ್ಲ, ತುಂಬಲು ಒಳಗು ಅಂತ ಒಂದಿದ್ದರೆ ತಾನೇ? ಹಗುರದ ದೋಣಿಯಲ್ಲಿ ಸಮುದ್ರಕ್ಕೆ ಹೋದವರೆಲ್ಲ ಮುಳುಗದಿರುವುದಕ್ಕೆ ಮೊದಲು ದಾರಿ ಮಾಡಿಕೊಂಡಿದ್ದರು, ಆಮೇಲೆ ತೂಕದ ವಿಚಾರ.

"ಅದಕ್ಕೇ ತಾನೇ ನಾನು ಗಾಳಿದೋಣಿ ಅಂದದ್ದು?" ಅಂತ ಗೆಳೆಯ ಈ ಸಾಲಿಗೆ ಕಾಯುತ್ತಿರುತ್ತಾನೆ. ಒಪ್ಪಿದೆ ಮಾರಾಯ. ಗಾಳಿದೋಣಿ ನೀರು ತುಂಬಿದರೂ ತೇಲುತ್ತದೆ. ಕೊಳವೆಗಳಲ್ಲಿ ಬೇರೆಬೇರೆ ಕೋಣೆಗಳಿವೆ, ಒಂದು ಒಡೆದರೆ ಉಳಿದವು ಹಿಡಿಯುತ್ತವೆ. ಬದಿಗೆ ಇಬ್ಬರು ಜೋತುಬಿದ್ದರೂ ನಮ್ಮ ಮರಿಗೆಯಷ್ಟು ವಾಲುವುದಿಲ್ಲ, ನೀರಿಂದ ಮೇಲೆ ಹತ್ತುವುದೂ ಸುಲಭ. ಪ್ರಪಂಚದ ತುಂಬ ಡೈವರ್‌ಗಳು ಅದನ್ನೇ ಬಳಸುವುದು ಸುಮ್ಮನೆ ಅಲ್ಲ. ಅಗ್ಗದವು ಪಿವಿಸಿಯವು, ನಮ್ಮ ಬಿಸಿಲಿಗೆ ಅಂಟಿಸಿದ ಸಂದುಗಳು ಬಿಡುತ್ತವೆ, ಹೈಪಲಾನ್ ಆದರೆ ಬಾಳಿಕೆ ಬರುತ್ತದೆ, ದುಡ್ಡೂ ಜಾಸ್ತಿ. ಗೋವಾದ ಬಿಸಿಲಲ್ಲಿ ಎಷ್ಟು ವರ್ಷ ಬಿದ್ದಿತ್ತು ಅಂತ ಕೇಳಿದ್ಯಾ? ಇರಲಿ, ಅದು ಹೊಸದೇ ಆಗಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ.

ಯಾಕೆಂದರೆ ನೇತ್ರಾಣಿಯ ದಿನ ಹೇಗಿರುತ್ತದೆ ಅಂತ ಸ್ವಲ್ಪ ಮನಸ್ಸಿನಲ್ಲೇ ಓಡಿಸಿ ನೋಡಿ. ಏಳಕ್ಕೆ ಹೊರಟರೆ ಎಂಟೂವರೆಗೆ ದ್ವೀಪ. ಮೊದಲ ಡೈವ್ ಒಂಬತ್ತೂವರೆಗೆ ಮುಗಿಯುತ್ತದೆ. ಎರಡನೆಯದಕ್ಕೆ ಮೊದಲು ಒಂದು ಗಂಟೆ ಮೇಲೆ ಕೂತು ಕಾಯಬೇಕು, ಮೈಯಲ್ಲಿ ಸೇರಿದ ನೈಟ್ರೋಜನ್ ಇಳಿಯಬೇಕಲ್ಲ. ಹನ್ನೊಂದೂವರೆ, ಹನ್ನೆರಡಕ್ಕೆ ವಾಪಸ್ ಹೊರಡುತ್ತೀರಿ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಕಡಲಗಾಳಿ ಏಳುತ್ತದೆ, ಬೇಸಿಗೆಯಲ್ಲಿ ಹೆಚ್ಚಾಗಿ ವಾಯವ್ಯದಿಂದ. ನೀವು ಹೋಗುತ್ತಿರುವುದು ಪೂರ್ವಕ್ಕೆ ಸ್ವಲ್ಪ ಈಶಾನ್ಯದ ಕಡೆ. ಅಲೆ ಎಡಬದಿಗೆ, ಸ್ವಲ್ಪ ಹಿಂದಿನಿಂದ ಹೊಡೆಯುತ್ತದೆ. ಚಿಕ್ಕ ದೋಣಿಗೆ ಇದಕ್ಕಿಂತ ಕೆಟ್ಟ ಕೋನ ಇಲ್ಲ. ವೇಗ ಇಳಿಸಲೇಬೇಕು. ವೇಗ ಇಳಿಸಿ ದೋಣಿ ನೀರಿನ ಮೇಲೇರದೆ ನೀರು ಸೀಳುತ್ತಾ ಹೋದರೆ 14–16 ಅಡಿಯ ದೋಣಿಗೆ ಗಂಟೆಗೆ ಐದು ನಾಟಿಕಲ್ ಮೈಲಿಯೇ ಮಿತಿ. ಎರಡು ಗಂಟೆ ದಾರಿ. ಒಂದೇ ಇಂಜಿನ್. ಅದು ಕೆಮ್ಮಿ ನಿಂತರೆ? ದ್ವೀಪದ ಸುತ್ತ ಕಡಿದಾದ ಬಂಡೆ, ದೋಣಿ ಎಳೆದು ಕೂರಲು ಮರಳಿಲ್ಲ. ಹವಳದ ಮೇಲೆ ಲಂಗರು ಹಾಕುವುದು ಪಾಪ. ಹಗುರ ದೋಣಿ, ಉಬ್ಬಿದ ಕೊಳವೆ, ಗಾಳಿಗೆ ಬಲೂನಿನ ಹಾಗೆ ಓಡುತ್ತದೆ. ತಮ್ಮನ ಲೈಫ್ ಜಾಕೆಟ್ ಓಡಿತ್ತಲ್ಲ, ಹಾಗೆ.

ಇಷ್ಟು ಹೊತ್ತೂ ದೋಣಿಯಲ್ಲಿ ಯಾರಿರುತ್ತಾರೆ? ಗೆಳೆಯನ ಮೆಸೇಜಿನಲ್ಲಿ ಇಂಜಿನ್ ಇತ್ತು, ತೂಕ ಇತ್ತು, ಬಣ್ಣ ಕೂಡ ಇತ್ತು. ಕೆಳಗೆ ನಾವು ಮುಳುಗಿರುವಾಗ ಮೇಲೆ ಕಾಯುವವನ ಹೆಸರಿರಲಿಲ್ಲ. ನಾಲ್ವರೂ ಡೈವರ್‌ಗಳು, ನಾಲ್ವರಿಗೂ ನೀರಿಗಿಳಿಯುವ ಆಸೆ. "ಸರದಿ ಮೇಲೆ ಒಬ್ಬೊಬ್ಬರು ಕೂರೋಣ" ಅಂತಾನೆ. ವರ್ಷಕ್ಕೆ ಎಂಟು ಸಲ ದೋಣಿ ಹಿಡಿಯುವವನು, ಗಾಳಿ ಎದ್ದಾಗ ಬಂಡೆಗೆ ತಾಗದಂತೆ ದೋಣಿ ನಿಲ್ಲಿಸಿ, ನೀರಿನ ಗುಳ್ಳೆ ನೋಡಿಕೊಂಡು, ದೂರ ಎಲ್ಲೋ ತಲೆ ಎತ್ತಿದ ಗೆಳೆಯನ ಹತ್ತಿರ ಪ್ರೊಪೆಲರ್ ತಾಗಿಸದೆ ಹೋಗಬೇಕು. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ದೊಡ್ಡ ಡೈವಿಂಗ್ ದೋಣಿಯೊಂದು ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ದಡಕ್ಕೆ ಬಂತು, ಅವರು ಸಿಗಲೇ ಇಲ್ಲ. ಅದರಿಂದ ಪ್ರೇರಣೆ ಪಡೆದು 2003ರಲ್ಲಿ 'ಓಪನ್ ವಾಟರ್' ಸಿನಿಮಾ ಬಂತು. ಅಲ್ಲಿ ದೋಣಿಗೆ ಏನೂ ಆಗಿರಲಿಲ್ಲ. ದೋಣಿಯಲ್ಲಿದ್ದವರು ತಲೆ ಎಣಿಸುವುದರಲ್ಲಿ ತಪ್ಪಿದ್ದರು, ಅಷ್ಟೇ.

ನಮ್ಮ ರಿಹರ್ಸಲ್‌ನಲ್ಲಿ ಆ ಜಾಗಕ್ಕೆ ನಾವು ಕೂರಿಸಿದ್ದು ಯಾರನ್ನು? ಈಜು ಬರುತ್ತದೆ, ಬೇರೆ ಏನೂ ಗೊತ್ತಿಲ್ಲ ಅನ್ನುವ ಹತ್ತೊಂಬತ್ತು ವರ್ಷದ ಹುಡುಗನನ್ನು. ಯಾಕೆಂದರೆ ಅವನಿಗೆ ಡೈವಿಂಗ್ ಬರಲ್ಲ, ಹೇಗೂ ಖಾಲಿ ಇದ್ದ. ಇದು ನನಗೆ ಅವತ್ತಿನ ಮುಳುಗಡೆಗಿಂತ ಹೆಚ್ಚು ಕಾಡುತ್ತದೆ.

ಕಾಗದಪತ್ರದ ರಗಳೆ ಬೇರೆ. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ಉಗ್ರರು ದಡಕ್ಕೆ ಇಳಿದದ್ದು ಇಂಜಿನ್ ಕಟ್ಟಿದ ಗಾಳಿದೋಣಿಯಲ್ಲಿ. ಆಮೇಲಿಂದ ಕರಾವಳಿಯಲ್ಲಿ ದೋಣಿಗಳ ನೋಂದಣಿ, ಗುರುತಿನ ಚೀಟಿ ಎಲ್ಲ ಬಿಗಿಯಾಗಿದೆ, ಅದು ಸರಿಯೂ ಹೌದು. ಬೆಂಗಳೂರು ನಂಬರಿನ ಕಾರಿಂದ ಕಪ್ಪು ಗಾಳಿದೋಣಿ ಇಳಿಸಿ ಸಿಲಿಂಡರ್ ತುಂಬುವ ನಾಲ್ಕು ಗಡ್ಡಧಾರಿಗಳನ್ನು ಕರಾವಳಿ ಕಾವಲು ಪೊಲೀಸರು ಚಹಾಕ್ಕೆ ಕರೆಯದೇ ಬಿಡುತ್ತಾರೆಯೇ? ನೇತ್ರಾಣಿಯನ್ನು ನೌಕಾಪಡೆಯವರು ಗುರಿ ಅಭ್ಯಾಸಕ್ಕೂ ಬಳಸಿದವರು, ಮನಸ್ಸು ಬಂದಾಗ ಹೋಗಿ ಬರುವ ಜಾಗ ಅಲ್ಲ ಅದು. ಹೊಸದು ಕೊಳ್ಳುವ ಯೋಚನೆ ಇದ್ದವರಿಗೆ ಇನ್ನೊಂದು ಸಿಹಿಸುದ್ದಿ: ಮೋಜಿನ ದೋಣಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ ಶೇಕಡಾ 40 ಆಗಿದೆ. ಪೆಟ್ರೋಲ್ ನೂರು ದಾಟಿ ಯಾವ ಕಾಲವಾಯ್ತು.

ಹಾಗಾದರೆ ಸ್ವಂತ ದೋಣಿಯೇ ಬೇಡವೇ? ನಾನು ಹಾಗೆ ಹೇಳಲಾರೆ, ಹೇಳಿದರೆ ನನಗೇ ಹೊಟ್ಟೆ ಉರಿಯುತ್ತದೆ. ಹೊರಗಿನ ಸಮುದ್ರಕ್ಕೆ ಅಂತ ಕೊಳ್ಳುವುದೇ ಆದರೆ 24ರಿಂದ 28 ಅಡಿಯ ಹಳೇ ಫೈಬರ್ ದೋಣಿ, ತುಂಬಿದರೂ ತೇಲುವಷ್ಟು ಫೋಮ್, ಮುಖ್ಯ ಇಂಜಿನ್ ಜೊತೆ ಮನೆಗೆ ತಲುಪಿಸುವಷ್ಟು ಚಿಕ್ಕದೊಂದು ಇಂಜಿನ್, ವಿಎಚ್‌ಎಫ್ ರೇಡಿಯೋ, ಹಿಂಬದಿಯಲ್ಲಿ ನೀರೊಳಗೆ ಮೂರು ಮೆಟ್ಟಿಲು ಇಳಿಯುವ ಏಣಿ. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಇಡಲು ಒಂದು ಪಾಲು ಪೆಟ್ರೋಲ್. ಇದೆಲ್ಲಕ್ಕಿಂತ ಮೊದಲು ಸಂಬಳ ಕೊಟ್ಟು ಒಬ್ಬ ತಾಂಡೇಲ. ಅಲ್ಲೇ ಹುಟ್ಟಿ ಬೆಳೆದವನು, ನೀರಿಗಿಳಿಯುವ ಆಸೆ ಇಲ್ಲದವನು, "ಇವತ್ತು ಬೇಡ" ಅಂದರೆ ನಾವು ನಾಲ್ವರೂ ಬಾಯಿ ಮುಚ್ಚಿಕೊಂಡು ಬನ್ಸ್ ತಿಂದು ವಾಪಸ್ ಬರುವಂಥವನು. ಅವನ ವರ್ಷದ ಸಂಬಳ, ದೋಣಿ ಇಡುವ ಜಾಗ, ಎಂಟು ಟ್ರಿಪ್ಪಿಗೆ ಆರು ತಿಂಗಳು ಉಪ್ಪು ತಿನ್ನುವ ಇಂಜಿನ್, ಎಲ್ಲ ಕೂಡಿಸಿ ಭಾಗಿಸಿದರೆ ಒಂದೊಂದು ಡೈವ್ ಎಷ್ಟಕ್ಕೆ ಬೀಳುತ್ತದೆ ಅಂತ ಎಕ್ಸೆಲ್‌ನಲ್ಲಿ ಹಾಕಿದೆ. ಹಾಕಿ, ಸೇವ್ ಮಾಡದೆ ಮುಚ್ಚಿದೆ. ಅದರ ಕಾಲುಭಾಗಕ್ಕೆ ಡೈವಿಂಗ್ ಸಂಸ್ಥೆಯವರ ದೋಣಿಯಲ್ಲಿ ವಾಂತಿ ಮಾಡುವವರ ಪಕ್ಕ ಕೂತು ಹೋಗಬಹುದು. ನಾನು ಹಾಗೇ ಹೋಗುತ್ತೇನೆ.

ಗೆಳೆಯಾ, ಒಂದೂವರೆ ಲಕ್ಷ ಕೊಡಲಾರೆ. ಸಿಟ್ಟಾಗುತ್ತೀಯ, ಗೊತ್ತು. "ಒಂದು ಸಲ ಆದದ್ದಕ್ಕೆ ಹೆದರಿಕೊಂಡ" ಅಂತ ಉಳಿದಿಬ್ಬರ ಹತ್ತಿರ ಹೇಳಿದ್ದೀಯ, ಅದೂ ಗೊತ್ತು. ಹೌದು, ಹೆದರಿದ್ದೇನೆ. ನೀನು ಮೂತಿ ಹಿಡಿದು ಮುಂದೆ ನೋಡುತ್ತಿದ್ದೆ. ನನಗೆ ಎದುರಿಗಿದ್ದದ್ದು ತಮ್ಮನ ಮುಖ.

ನಮ್ಮ ಮರಿಗೆ ಇನ್ನೂ ಕೊಟ್ಟಿಗೆಯಲ್ಲೇ ಇದೆ. ಬದಿ ಸ್ವಲ್ಪ ಕೆರೆದಿದೆ ಬಿಟ್ಟರೆ ಏನೂ ಆಗಿಲ್ಲ. ಈ ಶುಕ್ರವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಟಿದ್ದೇನೆ, ಎರಡು ಹಾಳೆ ಪ್ಲೈವುಡ್ ಊರಲ್ಲೇ ಸಿಗುತ್ತದೆ, ಫೋಮ್ ಇಲ್ಲಿಂದಲೇ ಒಯ್ಯುತ್ತಿದ್ದೇನೆ. ಗಾಳಿಪೆಟ್ಟಿಗೆಗಳನ್ನು ನಕ್ಷೆಯಲ್ಲಿ ಇದ್ದ ಹಾಗೇ ಕೂರಿಸಿ, ಹಿನ್ನೀರಿನಲ್ಲಿ ಬೇಕಂತಲೇ ನೀರು ತುಂಬಿಸಿ ತೇಲುತ್ತದಾ ಅಂತ ನೋಡಬೇಕು. ತಮ್ಮ ಬರುತ್ತೇನೆ ಅಂದಿದ್ದಾನೆ. ಆ ದಿನದ ಮೇಲೆ ಅವನು ದೋಣಿಯ ಬಗ್ಗೆ ಬಾಯಿಬಿಟ್ಟದ್ದು ಇದೇ ಮೊದಲು. "ಜಾಕೆಟ್ ಹೊಸದು ತಗೊಂಡು ಬಾ, ಬಕಲ್ ಗಟ್ಟಿ ಇರೋದು" ಅಂದ. ನೀನೂ ಬಾ. ಎಪಾಕ್ಸಿ ಕಲಸಲು ಜನ ಸಾಲದು, ಬೆಳಿಗ್ಗೆ ಆರಕ್ಕೆ ಏಳಬೇಕಾಗುತ್ತದೆ.